ಕೀಳಿಸೋದಾ, ಉಳಿಸೋದಾ, ಹಂಗೇ ಬಿಡೋದಾ?

ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ. ಈ ಮಾತು ಕೇಳದೇ ಬೆಳೆದವರು ನಮ್ಮ ಕಡೆ ಕಡಿಮೆ. ಯಾವ ಕಾಲದ್ದು ಇದು ಅಂತ ಅಜ್ಜಿಯಂದಿರನ್ನ ಕೇಳಿದ್ರೆ "ನಮ್ಮಜ್ಜಿ ಹೇಳ್ತಿದ್ರು ಕಣಪ್ಪಾ" ಅಂತಾರೆ. ಅಸಲಿಗೆ ಅದು ಅವರಜ್ಜಿಗಿಂತಲೂ ಬಹಳ ಹಿಂದಿನದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲೇ ಈ ಎಚ್ಚರಿಕೆ ಇದೆ. ಮೇಲಿನ ಹಲ್ಲು ಅಲ್ಲಾಡ್ತಿದ್ದರೂ ವೈದ್ಯನಾದವನು ಅದನ್ನ ಕೀಳಬಾರದು. ಕಿತ್ತರೆ ರಕ್ತ ವಿಪರೀತ ಹರಿದು ಕಣ್ಣು ಕೆಡಬಹುದು, ಮುಖ ಸೊಟ್ಟಗಾಗಬಹುದು ಅಂತ. ರಕ್ತ ಕಟ್ಟಿಸೋಕೆ, ಕೀವು ತಡೆಯೋಕೆ ಹೆಚ್ಚಿನ ದಾರಿಗಳಿಲ್ಲದ ಕಾಲದಲ್ಲಿ ಇದು ಮೂಢನಂಬಿಕೆ ಅಲ್ಲ, ಅನುಭವದ ಮಾತು. ಕಾಲ ಬದಲಾಯ್ತು, ಮಾತು ಮಾತ್ರ ಉಳಕೊಂಡಿತು.

ಈಚೆಗೆ ಅದೇ ಮಾತು ಒಂದು ನಾಯಿಯ ವಿಷಯದಲ್ಲಿ ಕೇಳಿಬಂತು. ನಮ್ಮ ಬೀದಿಯ ಒಬ್ಬರ ಮನೆಯಲ್ಲಿ ಆರು ವರ್ಷದ ಪಾಮೇರಿಯನ್ ಇದೆ. ನಾಲ್ಕು ಕೆಜಿ ತೂಕ, ನಲವತ್ತು ಕೆಜಿ ಗತ್ತು. ಗಟ್ಟಿ ಮೂಳೆ ಕಡಿಯೋಕೆ ಹೋಗಿ ಮೇಲಿನ ಬಲಗಡೆಯ ದೊಡ್ಡ ಹಲ್ಲಿನ ಹೊರಪಕ್ಕ ಚಪ್ಪಡಿ ಎದ್ದಂಗೆ ಎದ್ದು ಹೋಗಿತ್ತು. ಮುರಿದ ಜಾಗದ ನಡುವೆ ಕೆಂಪಗೊಂದು ಚುಕ್ಕಿ. ಮನೆಯಲ್ಲಿ ಮೂರು ಪಕ್ಷ ಆಯ್ತು. ಅಜ್ಜಿ, "ಮೇಲಿನ ಹಲ್ಲು ಮುಟ್ಟಬೇಡ್ರೋ, ಮೂಕಪ್ರಾಣಿಗೆ ಕಣ್ಣು ಹೋದೀತು" ಅಂದರು. ಮೊಮ್ಮಗ, "ಅಜ್ಜಿ, ಈಗ ನಾಯಿಗೂ ರೂಟ್ ಕೆನಾಲ್ ಮಾಡ್ತಾರೆ, ಉಳಿಸೋಣ" ಅಂದ. ಮನೆ ಯಜಮಾನರು, "ಊಟ ಮಾಡ್ತಿದೆಯಲ್ಲ, ಒಂದಷ್ಟು ದಿನ ನೋಡೋಣ ಬಿಡಿ" ಅಂದರು. ನಾನು ಹಳೇ ವಿಷಯ ಓದೋ ಆಸಾಮಿ ಅಂತ ಗೊತ್ತಿದ್ದದ್ದರಿಂದ "ಸಾರ್, ನೀವೇನಂತೀರಿ?" ಅನ್ನೋ ಪ್ರಶ್ನೆ ನನಗೂ ಬಂತು.

ನಾನು ವೈದ್ಯನಲ್ಲ. ಆದರೆ ಈ ಮೂರು ಮಾತೂ ಹಲ್ಲಿನ ಚರಿತ್ರೆಯಲ್ಲಿ ಒಂದೊಂದು ಕಾಲ ಆಳಿದ ಮಾತುಗಳು. ಯಾವುದು ಯಾಕೆ ಬಂತು, ಯಾಕೆ ಹೋಯ್ತು ಅಂತ ನೋಡಿದರೆ ಇವತ್ತಿನ ತೀರ್ಮಾನ ಸ್ವಲ್ಪ ಸುಲಭವಾಗುತ್ತೆ.

ಮೊದಲು ಕೀಳೋ ಕಾಲ. ಕೆಟ್ಟ ಹಲ್ಲಿಗೆ ನಾವು ಹುಳುಕು ಹಲ್ಲು ಅಂತೀವಿ. ಅಂದರೆ ಹುಳ ತಿಂದ ಹಲ್ಲು. ಸುಶ್ರುತ ಹೇಳೋ ಕೃಮಿದಂತವೂ ಅದೇ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳದ ಕಥೆ ಇದೆ. ಹಲ್ಲೊಳಗೆ ಹುಳ ಕೂತಿದೆ ಅಂದಮೇಲೆ ಇರೋದು ಎರಡೇ ದಾರಿ: ಹೊಗೆ ಹಾಕಿ ಓಡಿಸು, ಇಲ್ಲವೇ ಹಲ್ಲನ್ನೇ ಕಿತ್ತು ಬಿಸಾಕು. 1728ರಲ್ಲಿ ಫ್ರಾನ್ಸಿನ ಪಿಯೇರ್ ಫೋಷಾರ್ ದಂತವೈದ್ಯದ ಮೇಲೆ ದೊಡ್ಡ ಪುಸ್ತಕ ಬರೆದು, ಹಲ್ಲು ಕೆಡೋಕೆ ಹುಳ ಕಾರಣ ಅಲ್ಲ ಅಂದ. ಇಷ್ಟಾದರೂ ಜನ ಹಲ್ಲು ಕೀಳಿಸೋದು ನಿಲ್ಲಲಿಲ್ಲ, ಯಾಕಂದ್ರೆ ಬೇರೆ ದಾರಿ ಇರಲಿಲ್ಲ. ಯುರೋಪಿನಲ್ಲಿ ಆ ಕೆಲಸ ಕ್ಷೌರಿಕರು, ಸಂತೆಯಲ್ಲಿ ಡಂಗುರ ಹೊಡೆದು ಹಲ್ಲು ಕೀಳೋರು ಇವರ ಕೈಲಿತ್ತು. ಅವರ ಒಂದು ಉಪಕರಣ ಥೇಟ್ ಬಾಗಿಲಿನ ಬೀಗದಕೈ ಥರ ಇರ್ತಿತ್ತು. ಕೊಕ್ಕೆ ಸಿಕ್ಕಿಸಿ ಕೀಲಿ ತಿರುಗಿಸಿದಂಗೆ ತಿರುಗಿಸೋದು. ಹಲ್ಲು ಬಂದರೆ ಪುಣ್ಯ. ಎಷ್ಟೋ ಸಲ ಹಲ್ಲು ಅರ್ಧಕ್ಕೆ ಮುರೀತಿತ್ತು, ಜೊತೆಗೆ ದವಡೆಯ ಚೂರೂ ಬರ್ತಿತ್ತು.

ನೋವು ಅನ್ನೋದು ಎಷ್ಟಿತ್ತು ಅಂದ್ರೆ, ಅರಿವಳಿಕೆಯನ್ನ ಲೋಕಕ್ಕೆ ತಂದುಕೊಟ್ಟವರೇ ಹಲ್ಲಿನ ಡಾಕ್ಟರುಗಳು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಅನ್ನೋ ದಂತವೈದ್ಯ ನಗೆ ಅನಿಲ ಸೇದಿ, ಸಹೋದ್ಯೋಗಿಯ ಕೈಲಿ ತನ್ನದೇ ಹಲ್ಲು ಕೀಳಿಸಿಕೊಂಡ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಪ್ರಾಣಿಗಳಿಗೆ ಈ ಕರುಣೆ ಕಾನೂನಾಗಿ ಸಿಗೋಕೆ ಇನ್ನೂ ಬಹಳ ಕಾಲ ಹಿಡಿಯಿತು. ಕೆಲವು ಶಸ್ತ್ರಚಿಕಿತ್ಸೆಗಳಿಗೆ ಪ್ರಾಣಿಗೂ ಅರಿವಳಿಕೆ ಕೊಡಲೇಬೇಕು ಅಂತ ಬ್ರಿಟನ್ ಕಾನೂನು ಮಾಡಿದ್ದು 1919ರಲ್ಲಿ.

ಇನ್ನು ಉಳಿಸೋ ಮಾತು. ಹಲ್ಲು ಹೊರಗಿಂದ ಕಲ್ಲಿನಂಗೆ ಕಂಡರೂ ಒಳಗೆ ಜೀವ ಇದೆ. ನಡುವೆ ಒಂದು ಸಣ್ಣ ಕೋಣೆ, ಅಲ್ಲಿಂದ ಬೇರಿನ ತುದಿವರೆಗೆ ಓಣಿ. ಅದರೊಳಗೆ ರಕ್ತನಾಳ, ನರ ಎಲ್ಲ ಕೂಡಿದ ತಿರುಳು. ತಿರುಳು ಸತ್ತರೆ ಅದನ್ನ ತೆಗೆದು, ಓಣಿ ತೊಳೆದು, ತುಂಬಿ, ಮುಚ್ಚಿಬಿಟ್ಟರೆ ಹಲ್ಲಿನ ಗಟ್ಟಿ ಭಾಗ ಕೆಲಸ ಮಾಡ್ತಾ ಇರುತ್ತೆ. ರೂಟ್ ಕೆನಾಲ್ ಅಂದ್ರೆ ಇಷ್ಟೇ. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನ ಅರದಿಂದ ಉಜ್ಜಿ, ಆ ಸಣ್ಣ ಓಣಿಯೊಳಗೆ ತೂರೋ ಸಾಧನ ಮಾಡಿಕೊಂಡ. 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ರಬ್ಬರ್ ಹಾಳೆಗೆ ತೂತು ಮಾಡಿ ಹಲ್ಲನ್ನ ಎಂಜಲಿನಿಂದ ಬೇರೆ ಮಾಡೋ ಉಪಾಯ ಕಂಡುಕೊಂಡ. ಆದರೂ ಇದೆಲ್ಲ ಕತ್ತಲ ಕೋಣೆಯಲ್ಲಿ ತಡಕಾಡಿದಂಗೆ. ಬೇರಿನ ತುದಿಯಲ್ಲಿ ಏನಾಗಿದೆ ಅಂತ ನೋಡೋಕೆ ದಾರಿ ಇರಲಿಲ್ಲ.

ಅದು ಸಿಕ್ಕಿದ್ದು 1895ರ ನವೆಂಬರಿನಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ. ಮರುವರ್ಷದ ಜನವರಿಯಲ್ಲೇ ಜರ್ಮನಿಯ ಒಟ್ಟೊ ವಾಲ್ಕಾಫ್ ಇಪ್ಪತ್ತೈದು ನಿಮಿಷ ಅಲುಗಾಡದೆ ಇದ್ದು ತನ್ನ ಹಲ್ಲಿನ ಚಿತ್ರ ತೆಗೆದ. ಅಮೆರಿಕದ ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಕೆಲ್ಸ್ ಅದನ್ನ ದಿನನಿತ್ಯದ ಕೆಲಸಕ್ಕೆ ತಂದ. ಫಿಲ್ಮನ್ನ ಕೈಯಲ್ಲೇ ಹಿಡಿದು ಹಿಡಿದು ಕಿರಣ ತಾಗಿ ಬೆರಳು ಹೋಯ್ತು, ಕೈ ಹೋಯ್ತು, ಕೊನೆಗೆ 1928ರಲ್ಲಿ ಪ್ರಾಣ ಕಳಕೊಂಡ. ಇವತ್ತು ಹಲ್ಲಿನ ಡಾಕ್ಟರು ನಮ್ಮ ಬಾಯಲ್ಲಿ ಫಿಲ್ಮ್ ಇಟ್ಟು ತಾವು ಪಕ್ಕಕ್ಕೆ ಸರಿಯೋದರ ಹಿಂದೆ ಅಂಥವರ ಕೈಗಳಿವೆ.

ಆದರೆ ಕಾಣೋದಕ್ಕೆ ಶುರುವಾದ ತಕ್ಷಣ ವಿವೇಕವೂ ಬಂತು ಅಂದುಕೊಂಡರೆ ತಪ್ಪು. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್ಲಿಗೆ ಹೋಗಿ ಭಾಷಣ ಮಾಡಿದ. ದಂತವೈದ್ಯರು ಕೊಳೆತ ಬೇರಿನ ಮೇಲೆ ಚಿನ್ನದ ಗೋರಿ ಕಟ್ತಿದ್ದಾರೆ, ದೇಹದ ನೂರೆಂಟು ಕಾಯಿಲೆಗೆ ಆ ಕೀವೇ ಮೂಲ ಅನ್ನೋದು ಅವನ ಆರೋಪ. ಅದರಲ್ಲಿ ಒಂದಿಷ್ಟು ಸತ್ಯ ಇತ್ತು. ಜನ ಮಾತ್ರ ಅದನ್ನ ಹಿಡಿದು ಇನ್ನೊಂದು ತುದಿಗೆ ಹೋದರು. ಕೀಲುನೋವಿಗೆ ಹಲ್ಲು ಕೀಳು, ಹೊಟ್ಟೆನೋವಿಗೆ ಹಲ್ಲು ಕೀಳು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಹೆನ್ರಿ ಕಾಟನ್, ಹುಚ್ಚಿಗೂ ಅದೇ ಕಾರಣ ಅಂತ ರೋಗಿಗಳ ಹಲ್ಲುಗಳನ್ನೆಲ್ಲ ಕೀಳಿಸಿದ. ವಾಸಿಯಾಗದಿದ್ದರೆ ಗಂಟಲ ಗಂಟು, ಆಮೇಲೆ ದೊಡ್ಡ ಕರುಳಿಗೂ ಕೈ ಹಾಕಿದ. ಎಷ್ಟೋ ಜನ ಸತ್ತರು. ಅವನಿಗೆ ತನ್ನ ಮಾತಲ್ಲಿ ಎಂಥಾ ನಂಬಿಕೆ ಅಂದ್ರೆ, ಸ್ವಂತ ಮಕ್ಕಳ ಹಲ್ಲನ್ನೂ ಬಿಡಲಿಲ್ಲ. ಹಿಂಗೆ ಸುಮ್ಸುಮ್ನೆ ಹಲ್ಲು ಕೀಳೋದನ್ನ ಗಟ್ಟಿಯಾಗಿ ಖಂಡಿಸಿದವರಲ್ಲಿ ಆ ಎಕ್ಸ್-ರೇ ಕೆಲ್ಸ್ ಕೂಡ ಒಬ್ಬ. ಕೀಳೋ ಹುಚ್ಚು ಇಳಿದು, ಬೇರಿನ ಚಿಕಿತ್ಸೆಗೆ ಮರ್ಯಾದೆ ಬರೋಕೆ ದಶಕಗಳು ಬೇಕಾದವು. ಅಮೆರಿಕದಲ್ಲಿ ಅದು ದಂತವೈದ್ಯದ ಪ್ರತ್ಯೇಕ ಶಾಖೆ ಅಂತ ಮಾನ್ಯವಾದದ್ದು 1963ರಲ್ಲಿ.

ಈ ಜಗಳಕ್ಕೆ ನಿಜವಾದ ಉತ್ತರ ಕೊಟ್ಟದ್ದು 1965ರ ಒಂದು ಪ್ರಯೋಗ. ಅಮೆರಿಕದಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಅನ್ನೋ ಮೂವರು ಇಲಿಗಳ ಹಲ್ಲು ಕೊರೆದು ತಿರುಳು ಬಯಲಾಗುವಂತೆ ಮಾಡಿದರು. ಒಂದು ಗುಂಪು ಮಾಮೂಲಿ ಇಲಿಗಳು. ಇನ್ನೊಂದು, ಹುಟ್ಟಿದಾಗಿನಿಂದ ಒಂದು ಬ್ಯಾಕ್ಟೀರಿಯಾನೂ ಸೋಕದಂತೆ ಸಾಕಿದ ಇಲಿಗಳು. ಎರಡಕ್ಕೂ ಹಲ್ಲು ಮುಚ್ಚಲಿಲ್ಲ, ತೂತಿನಲ್ಲಿ ಅನ್ನ ಆಹಾರ ಸಿಕ್ಕಿಕೊಂಡರೂ ತೆಗೀಲಿಲ್ಲ. ಮಾಮೂಲಿ ಇಲಿಗಳ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವಾಯ್ತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ತಿರುಳು ಬದುಕಿಕೊಂಡು, ತೂತಿಗೆ ತಾನೇ ಹೊಸ ಗಟ್ಟಿ ಪದರ ಕಟ್ಟಿಕೊಳ್ತು. ಅಂದರೆ ಹಲ್ಲನ್ನ ಕೊಲ್ಲೋದು ಮುರಿತ ಅಲ್ಲ, ಮುರಿತದ ಬಾಗಿಲಿಂದ ಒಳಗೆ ಹೋಗೋ ಬ್ಯಾಕ್ಟೀರಿಯಾ. ಹುಳುಕು ಅಂದ ನಮ್ಮ ಹಿರಿಯರು ಪೂರ್ತಿ ತಪ್ಪೇನೂ ಹೇಳಿರಲಿಲ್ಲ. ಹುಳ ಕಣ್ಣಿಗೆ ಕಾಣೋ ಗಾತ್ರದ್ದಲ್ಲ, ಅಷ್ಟೇ.

ಈಗ ಮೂರನೇ ಮಾತಿಗೆ ಬರೋಣ. ಊಟ ಮಾಡ್ತಿದೆಯಲ್ಲ, ಹಂಗೇ ಬಿಡೋಣ. ಮೂರರಲ್ಲಿ ಹೆಚ್ಚು ಮನೆಗಳಲ್ಲಿ ಗೆಲ್ಲೋದು ಇದೇ. ಆ ಇಲಿಗಳ ಪ್ರಯೋಗ ಗೊತ್ತಿದ್ದವರಿಗೆ ಇದೇ ಎಲ್ಲಕ್ಕಿಂತ ಸೋತ ಮಾತು. ನಮ್ಮ ನಾಯಿಗಳ ಬಾಯಿ ಬ್ಯಾಕ್ಟೀರಿಯಾ ಇಲ್ಲದ ಬಾಯಲ್ಲ. ಎನಾಮೆಲ್ಲಿನ ಚೂರು ಮಾತ್ರ ಹಾರಿ, ತಿರುಳು ಮುಚ್ಚಿಕೊಂಡೇ ಇದ್ದರೆ ಡಾಕ್ಟರು ನುಣುಪು ಮಾಡಿ, ಮೇಲೊಂದು ಲೇಪ ಹಾಕಿ, ಆಗಾಗ ಎಕ್ಸ್-ರೇ ತೆಗೆದು ನೋಡ್ತಾರೆ. ಆದರೆ ಕೆಂಪು ಚುಕ್ಕಿಯೋ ಕಪ್ಪು ಚುಕ್ಕಿಯೋ ಕಾಣ್ತಿದೆ ಅಂದ್ರೆ ಬಾಗಿಲು ತೆರೆದಿದೆ ಅಂತಲೇ. ಕೆಂಪಿದ್ದರೆ ತಿರುಳು ಇನ್ನೂ ಬದುಕಿದೆ, ಹೊಸ ಗಾಯ. ಕಪ್ಪಾಗಿದ್ದರೆ ಸತ್ತಿದೆ ಅಂತ ಲೆಕ್ಕ. ನೋವು ಕಡಿಮೆಯಾದಂಗೆ ಕಾಣೋದು ನರ ಸತ್ತದ್ದರಿಂದ, ವಾಸಿಯಾದದ್ದರಿಂದ ಅಲ್ಲ. ಕೀವು ಬೇರಿನ ತುದಿಯಲ್ಲಿ ನಿಧಾನಕ್ಕೆ ಕೂಡ್ತಾ ಹೋಗುತ್ತೆ.

ನಾಯಿ ಊಟ ಬಿಡೋದಿಲ್ಲ, ಅದೇ ತೊಂದರೆ. ಹಲ್ಲುನೋವಿಗೆ ನಾವಾದರೆ ಕೆನ್ನೆ ಹಿಡಕೊಂಡು ಕೂರ್ತೀವಿ. ನಾಯಿ ಒಂದೇ ಪಕ್ಕದಲ್ಲಿ ಅಗೀತದೆ, ಬಿಸ್ಕತ್ತು ಬಾಯಿಂದ ಬೀಳಿಸ್ತದೆ, ಹಗ್ಗ ಎಳೆಯೋ ಆಟ ಬಿಡ್ತದೆ, ಮುಖ ಮುಟ್ಟೋಕೆ ಬಂದರೆ ತಿರುಗಿಸಿಕೊಳ್ತದೆ. ವಯಸ್ಸಾಯ್ತು ಅಂದುಕೊಂಡು ನಾವು ಸುಮ್ಮನಾಗ್ತೀವಿ.

ಅಜ್ಜಿಯ ಕಣ್ಣಿನ ಮಾತಿಗೆ ನಾಯಿಯ ವಿಷಯದಲ್ಲಿ ವಿಚಿತ್ರವಾದೊಂದು ಆಧಾರ ಇದೆ. ದೊಡ್ಡ ನಾಯಿಗೆ 42 ಹಲ್ಲು. ಅದರಲ್ಲಿ ಮೇಲ್ದವಡೆಯ ಎರಡೂ ಪಕ್ಕ ಮಾಂಸ ಕತ್ತರಿಸೋ ಒಂದೊಂದು ದೊಡ್ಡ ಹಲ್ಲು, ನಾಲ್ಕನೇ ಮುಂದವಡೆ ಹಲ್ಲು. ಮೂಳೆ, ಕಲ್ಲು, ಜಿಂಕೆ ಕೊಂಬು ಕಡಿದು ನಾಯಿಗಳು ಹೆಚ್ಚಾಗಿ ಮುರಕೊಳ್ಳೋದು ಇದನ್ನ, ಇಲ್ಲವೇ ಕೋರೆಹಲ್ಲನ್ನ. ಈ ಹಲ್ಲಿಗೆ ಮೂರು ಬೇರು, ಆ ಬೇರುಗಳು ಇರೋದು ಕಣ್ಣಿನ ಕೆಳಗೆ. ಹಾಗಾಗಿ ಬಿಟ್ಟ ಹಲ್ಲಿನ ಕೀವು ಒಂದು ದಿನ ಕಣ್ಣ ಕೆಳಗೆ ಊದಿಕೊಂಡು ಒಡೆದು ಸೋರೋಕೆ ಶುರುವಾಗುತ್ತೆ. ಮನೆಯವರು ಜೇನು ಕಚ್ಚಿತೋ, ಕಣ್ಣಿಗೇನಾಯ್ತೋ ಅಂತ ಓಡಿ ಬರ್ತಾರೆ. ಇನ್ನೊಂದು ಕಡೆ, ಪುಟ್ಟ ತಳಿಯ ನಾಯಿಯಲ್ಲಿ ಈ ಹಲ್ಲನ್ನ ಒರಟಾಗಿ ಕೀಳೋಕೆ ಹೋಗಿ ಉಪಕರಣ ಜಾರಿದರೆ ಕಣ್ಣಿಗೆ ಪೆಟ್ಟಾಗೋ ಅಪಾಯವೂ ನಿಜ. ಅಂದರೆ ಅಜ್ಜಿಯ ಹೆದರಿಕೆ ಸರಿ, ಅದು ತೋರಿಸೋ ದಾರಿ ತಪ್ಪು. ಕಣ್ಣಿಗೆ ಅಪಾಯ ಹಲ್ಲು ಮುಟ್ಟೋದರಿಂದ ಅಲ್ಲ. ಮುಟ್ಟದೇ ಬಿಡೋದರಿಂದ, ಇಲ್ಲವೇ ಬೇಕಾಬಿಟ್ಟಿ ಮುಟ್ಟೋದರಿಂದ.

ನಾಯಿಯ ಹಲ್ಲಿಗೆ ಇಷ್ಟೆಲ್ಲ ಯಾಕೆ ಅನ್ನೋರೂ ಇದ್ದಾರೆ. ಪ್ರಾಣಿಯ ಹಲ್ಲನ್ನ ಮನುಷ್ಯ ನೋಡಿದ್ದೇ ಬೆಲೆ ಕಟ್ಟೋಕೆ. ನಮ್ಮ ದನದ ಜಾತ್ರೆಯಲ್ಲಿ ಎತ್ತಿನ ತುಟಿ ಎತ್ತಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ ನೋಡೋದು ವ್ಯಾಪಾರಕ್ಕೆ. ಫ್ರಾನ್ಸಿನ ಲಿಯೋನ್‌ನಲ್ಲಿ 1761ರಲ್ಲಿ ಶುರುವಾದ ಪಶುವೈದ್ಯ ಶಾಲೆಗೂ ಕುದುರೆ, ದನಗಳೇ ಮುಖ್ಯ. ದುಡಿಯೋ ಪ್ರಾಣಿಗೆ ಮೊದಲ ಮರ್ಯಾದೆ, ಮಡಿಲಲ್ಲಿ ಕೂರೋ ನಾಯಿಯ ಸರದಿ ಬಂದದ್ದು ಬಹಳ ತಡವಾಗಿ. ಪ್ರಾಣಿಗಳ ದಂತವೈದ್ಯಕ್ಕೆ ಅಮೆರಿಕದಲ್ಲಿ ವಿಶೇಷ ಶಾಖೆಯ ಮಾನ್ಯತೆ ಸಿಕ್ಕಿದ್ದು 1988ರಲ್ಲಿ, ಮನುಷ್ಯರ ಬೇರಿನ ಚಿಕಿತ್ಸೆಗೆ ಸಿಕ್ಕ ಇಪ್ಪತ್ತೈದು ವರ್ಷಕ್ಕೆ.

ಕನ್ನಡ ನಾಡಿನಲ್ಲಿ ನಾಯಿಗೆ ಗೌರವ ಸಿಕ್ಕೇ ಇಲ್ಲ ಅಂತೇನಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ಒಂದು ನಾಯಿಯ ಹೆಸರನ್ನೇ ಉಳಿಸಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ, ಒಡೆಯ ಮೆಚ್ಚಿ ಬೇಕಾದ್ದು ಕೇಳು ಅಂದಾಗ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಕಾಡುಹಂದಿಯ ಮೇಲೆ ಬಿದ್ದು ಹಂದಿಯೂ ಕಾಳಿಯೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಕಾಳಿಯ ಹಲ್ಲು ಅಂದ್ರೆ ಅದರ ಆಯುಧ. ಇವತ್ತಿಗೂ ಪೊಲೀಸ್ ನಾಯಿಯ ಕೋರೆಹಲ್ಲು ಮುರಿದರೆ ರೂಟ್ ಕೆನಾಲ್ ಮಾಡಿ ಲೋಹದ ಟೋಪಿ ಹಾಕೋದು ಅದಕ್ಕೇ. ಪಾಮೇರಿಯನ್ನಿಗೆ ಹಂದಿಯೂ ಇಲ್ಲ, ಕಳ್ಳನೂ ಇಲ್ಲ. ಅದಕ್ಕೆ ಬೇಕಾದ್ದು ನೋವಿಲ್ಲದ ಬಾಯಿ, ಅಷ್ಟೇ. ತೀರ್ಮಾನದ ಕೀಲಿ ಇರೋದು ಇಲ್ಲೇ. ಹಲ್ಲು ಉಳಿಯಿತಾ ಅನ್ನೋದು ಎರಡನೇ ಪ್ರಶ್ನೆ. ಬಾಗಿಲು ಮುಚ್ಚಿತಾ, ಕೀವಿನ ಮೂಲ ಹೋಯ್ತಾ ಅನ್ನೋದು ಮೊದಲನೇ ಪ್ರಶ್ನೆ.

ಹಂಗೆ ನೋಡಿದರೆ ದಾರಿಗಳು ಹಿಂಗಿವೆ. ಒಂದೂವರೆ ವರ್ಷದೊಳಗಿನ ಎಳೆ ನಾಯಿಯಾಗಿ, ಮುರಿದು ಹೆಚ್ಚು ದಿನ ಆಗಿಲ್ಲದಿದ್ದರೆ, ತಿರುಳಿನ ಮೇಲ್ಭಾಗ ಮಾತ್ರ ತೆಗೆದು ಔಷಧಿ ಇಟ್ಟು ಮುಚ್ಚಿ ಹಲ್ಲನ್ನ ಜೀವಂತ ಉಳಿಸಬಹುದು. ಇದಕ್ಕೆ 1990ರ ದಶಕದಲ್ಲಿ ಬಂದ ಒಂದು ಔಷಧಿಯ ಮೂಲ ಸರಕು ಮನೆ ಕಟ್ಟೋ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ ಅಂದ್ರೆ ನಂಬ್ತೀರಾ? ಬೆಳೆದ ನಾಯಿಗಾದರೆ ಈ ಅವಕಾಶ ಸುಮಾರು ಎರಡು ದಿನದ್ದು. ಅದು ದಾಟಿದರೆ ಉಳಿಯೋದು ಎರಡು: ರೂಟ್ ಕೆನಾಲ್ ಅಥವಾ ಕೀಳೋದು. ರೂಟ್ ಕೆನಾಲಿಗೆ ಅದನ್ನ ಕಲಿತ ಪಶುದಂತವೈದ್ಯರು ಬೇಕು, ಖರ್ಚು ಹೆಚ್ಚು, ಆರೆಂಟು ತಿಂಗಳ ಮೇಲೆ ಮತ್ತೆ ಅರಿವಳಿಕೆ ಕೊಟ್ಟು ಎಕ್ಸ್-ರೇ ತೆಗೀಬೇಕು. ಆದರೆ ವಸಡು ಕೊಯ್ಯೋದು, ಮೂಳೆ ಕೊರೆಯೋದು ಇಲ್ಲ. ಪುಟ್ಟ ನಾಯಿಯ ಕೆಳಗಿನ ಕೋರೆಹಲ್ಲಿನ ವಿಷಯದಲ್ಲಿ ಇದಕ್ಕೆ ತೂಕ ಜಾಸ್ತಿ. ಆ ಬೇರು ದವಡೆಯ ಬಹುಪಾಲು ತುಂಬಿಕೊಂಡಿರುತ್ತೆ, ಕೀಳುವಾಗ ದವಡೆಯೇ ಮುರಿಯೋ ಭಯ. ಕೀಳೋದಾದರೂ ಹಿಂದಿನ ಬೀಗದಕೈ ಕಥೆ ಅಲ್ಲ. ಮೂರು ಬೇರಿನ ಹಲ್ಲನ್ನ ಮೂರು ತುಂಡು ಮಾಡಿ, ಒಂದೊಂದಾಗಿ ಬಿಡಿಸಿ, ವಸಡು ಹೊಲೀತಾರೆ. ಒಂದೇ ಸಲಕ್ಕೆ ಮುಗೀತದೆ. ಹಾಲುಹಲ್ಲು ತಿರುಳು ಕಾಣುವಂತೆ ಮುರಿದರೆ ಮಾತ್ರ ಚರ್ಚೆ ಬೇಡ, ಕೀಳಿಸಬೇಕು. ಕೀವು ಒಳಗಿನ ಹೊಸ ಹಲ್ಲಿಗೆ ತಾಗುತ್ತೆ.

ಬರೀ ಆಂಟಿಬಯೋಟಿಕ್ ಕೊಟ್ಟು ನೋಡೋಣ ಅನ್ನೋದು ದಾರಿಯಲ್ಲ. ಸತ್ತ ತಿರುಳಿಗೆ ರಕ್ತ ಹೋಗಲ್ಲ, ರಕ್ತ ಹೋಗದ ಕಡೆ ಮಾತ್ರೆ ಹೋಗಲ್ಲ. ಊತ ಇಳಿದು ಮತ್ತೆ ಬರುತ್ತೆ. ಇನ್ನೊಂದು ಮಾತು, ನಮ್ಮ ಮನೆಯ ನೋವಿನ ಮಾತ್ರೆ ಅರ್ಧ ಮುರಿದು ಕೊಡೋದಂತೂ ಖಂಡಿತ ಬೇಡ. ಐಬುಪ್ರೊಫೆನ್ ನಾಯಿಗೆ ವಿಷ.

ಬೀದಿಯ ಆ ಮನೆಯವರಿಗೆ ನಾನು ಹೇಳಿದ್ದು ಒಂದೇ. ಹಲ್ಲು ಮುರಿದು ಹತ್ತು ದಿನ ಆಗಿದೆ. ಕೀಳೋದಾ ಉಳಿಸೋದಾ ಅಂತ ಮನೆಯಲ್ಲಿ ಓಟು ಹಾಕಬೇಡಿ, ಎಕ್ಸ್-ರೇ ಹೇಳಲಿ. ಯಜಮಾನರಿಗೆ ಅರಿವಳಿಕೆಯ ಭಯ ಇತ್ತು. ಪಶುವೈದ್ಯರು ರಕ್ತಪರೀಕ್ಷೆ, ಹೃದಯ ಎಲ್ಲ ನೋಡಿದ ಮೇಲೆ ಒಪ್ಪಿದರು. ಚಿತ್ರದಲ್ಲಿ ಕಂಡದ್ದು ಯಾರೂ ಊಹಿಸದ್ದು: ಹಲ್ಲು ಮುರಿಯೋ ಮೊದಲೇ ವಸಡಿನ ರೋಗ ಆ ಬೇರುಗಳ ಸುತ್ತಲಿನ ಮೂಳೆಯನ್ನ ತಿಂದು ಹಾಕಿತ್ತು. ಪುಟ್ಟ ತಳಿಗಳಲ್ಲಿ ಇದು ಹೆಚ್ಚು. ಹಿಡಿತವೇ ಹೋದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸೋದು ತಳಪಾಯ ಕುಸಿದ ಮನೆಗೆ ಸುಣ್ಣ ಬಳಿದಂಗೆ. ಕೀಳಿಸಿದರು. ಮೊಮ್ಮಗನೂ ಚಿತ್ರ ನೋಡಿ ಸುಮ್ಮನಾದ. ಬೇರು ಗಟ್ಟಿಯಿದ್ದು ದವಡೆ ಚೆನ್ನಾಗಿದ್ದಿದ್ದರೆ ಅವನ ಮಾತೇ ಸರಿಯಾಗ್ತಿತ್ತು. ಎರಡು ವಾರ ಮೆತ್ತನ್ನ ಅನ್ನ ತಿಂದ ಪಾಮೇರಿಯನ್ ಈಗ ಎರಡೂ ಕಣ್ಣಿಂದ ಬೀದಿ ಕಾಯ್ತಿದೆ. ಮನೆಯವರು ಮಾತ್ರ ಒಂದು ಮಾತು ಹೇಳಿದರು: ಇದು ಇಷ್ಟು ದಿನ ಹಗ್ಗದ ಆಟ ಬಿಟ್ಟಿದ್ದು ವಯಸ್ಸಾಗಿ ಅಲ್ಲ ಸಾರ್ ಅಂತ.

1914ರಲ್ಲಿ ಜರ್ಮನಿಯ ಬಾನ್ ಹತ್ತಿರದ ಓಬರ್‌ಕಾಸೆಲ್‌ನಲ್ಲಿ ಕಲ್ಲು ಕ್ವಾರಿ ಕೆಲಸದವರಿಗೆ ಒಂದು ಹಳೇ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಮರಿಯ ಮೂಳೆ. ಸುಮಾರು 14,000 ವರ್ಷ ಹಿಂದಿನದು. 2018ರಲ್ಲಿ ಅದರ ಹಲ್ಲುಗಳನ್ನ ಪರೀಕ್ಷಿಸಿದವರಿಗೆ ಎನಾಮೆಲ್ಲಿನ ಮೇಲೆ ಗಾಯದ ಪಟ್ಟಿಗಳು ಕಂಡವು. ಡಿಸ್ಟೆಂಪರ್ ಬಂದು ಬದುಕಿದ ಮರಿಗಳಲ್ಲಿ ಕಾಣೋ ಗುರುತು ಅದು. ಏಳು ತಿಂಗಳಿಗೆ ಸತ್ತ ಆ ಮರಿ ಕಾಯಿಲೆಯ ಜೊತೆ ವಾರಗಟ್ಟಲೆ ಬದುಕಿತ್ತು. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಒರೆಸಿ ನೋಡಿಕೊಳ್ಳದೇ ಇದ್ದಿದ್ದರೆ ಅಷ್ಟು ದಿನ ಉಳೀತಿರಲಿಲ್ಲ ಅನ್ನೋದು ಅವರ ವಾದ. ಕೆಲಸಕ್ಕೆ ಬಾರದ, ಬೇಟೆ ಕಲಿಯದ ಮರಿ ಅದು. ಎಕ್ಸ್-ರೇ ಇಲ್ಲದ, ಔಷಧಿ ಇಲ್ಲದ ಆ ಜನ ತಮ್ಮ ಕೈಲಾದದ್ದು ಮಾಡಿದ್ದರು. ನಮ್ಮ ಕೈಲಿ ಅದಕ್ಕಿಂತ ಹೆಚ್ಚೇ ಆಗುತ್ತೆ.

ಹಾಗಾಗಿ ನಿಮ್ಮನೇಲೊಂದು ನಾಯಿ ಇದ್ದರೆ ಇವತ್ತು ಸಂಜೆ ಅದರ ಮೇಲ್ದುಟಿ ಮೆಲ್ಲಗೆ ಎತ್ತಿ ನೋಡಿ. ಎರಡೂ ಪಕ್ಕ, ಹಿಂದಿನವರೆಗೂ. ಮುರಿದ ಅಂಚು, ಮಧ್ಯದಲ್ಲಿ ಚುಕ್ಕಿ, ಬಣ್ಣಗೆಟ್ಟ ಹಲ್ಲು ಏನಾದರೂ ಕಂಡರೆ ಎಷ್ಟು ದಿನ ಆಗಿರಬಹುದು ಅಂತ ಲೆಕ್ಕ ಹಾಕಿಕೊಂಡು ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ. ಕೀಳಿಸಿ ಬಂದರೂ ಸರಿ, ಉಳಿಸಿಕೊಂಡು ಬಂದರೂ ಸರಿ. ಹಂಗೇ ಬಿಟ್ಟು ಮಾತ್ರ ಬರಬೇಡಿ.